ಏರೋಟರ್ ನಿಂತ ದಿನಗಳಲ್ಲಿ ಮಕ್ಕಳ ಹಲ್ಲು

ಹಲ್ಲಿನ ಡಾಕ್ಟರ ಹತ್ತಿರ ಹೋದವರಿಗೆಲ್ಲ ಆ ಕೀರಲು ಸದ್ದು ಗೊತ್ತು. ಅದು ಹಲ್ಲು ಕೊರೆಯುವ ಯಂತ್ರ, ಏರೋಟರ್. ತುದಿಯಲ್ಲಿರುವ ಪುಟ್ಟ ಬರ್, ಅಂದರೆ ಕೊರೆಯುವ ಮೊನೆ, ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತದೆ. ಅಷ್ಟು ವೇಗಕ್ಕೆ ಹಲ್ಲು ಕಾದು ಒಳಗಿನ ನರ ಸತ್ತೇ ಹೋಗಬಹುದು. ಹಾಗಾಗದಿರಲಿ ಅಂತ ಆ ಯಂತ್ರದಿಂದಲೇ ನೀರು ಚಿಮ್ಮುತ್ತಿರುತ್ತದೆ. ಆ ನೀರು ಎಂಜಲನ್ನೂ ಸೇರಿಸಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಗಾಳಿಗೆ ಏಳುತ್ತದೆ, ಕೋಣೆಯಲ್ಲಿ ತುಂಬಾ ಹೊತ್ತು ತೇಲುತ್ತದೆ. 2020ರ ಮಾರ್ಚ್ ತನಕ ಆ ಹನಿಗಳ ಬಗ್ಗೆ ನಾವು ಇಷ್ಟೊಂದು ಯೋಚಿಸುತ್ತಿರಲಿಲ್ಲ. ಸರ್ಜಿಕಲ್ ಮಾಸ್ಕ್ ಹಾಕು, ಗ್ಲೌಸ್ ಹಾಕು, ಕೆಲಸ ಶುರು ಮಾಡು. ಅಷ್ಟೇ.

ಆಗ ನಾನು ದಾವಣಗೆರೆಯಲ್ಲಿ ಮಕ್ಕಳ ದಂತವೈದ್ಯ ವಿಭಾಗದಲ್ಲಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೆ. ಮೂರು ವರ್ಷದ ಕೋರ್ಸಿನಲ್ಲಿ ಮೊದಲನೆಯದು ಮುಗಿಯುತ್ತ ಬಂದಿತ್ತು. ಪ್ಲಾಸ್ಟಿಕ್ ಹಲ್ಲುಗಳ ಮೇಲೆ ಅಭ್ಯಾಸ ಮಾಡಿ, ನಿಜವಾದ ಮಕ್ಕಳ ಬಾಯಲ್ಲಿ ಕೈ ಕುದುರುತ್ತಿದ್ದ ಹೊತ್ತು. ಮಾರ್ಚ್ 9ಕ್ಕೆ ರಾಜ್ಯದ ಮೊದಲ ಕೊರೊನಾ ಪ್ರಕರಣ ಬೆಂಗಳೂರಿನಲ್ಲಿ ಗೊತ್ತಾಯಿತು. ಅದೇ ವಾರ ಕಲಬುರಗಿಯಿಂದ ದೇಶದ ಮೊದಲ ಕೊರೊನಾ ಸಾವಿನ ಸುದ್ದಿ ಬಂತು. 25ರಿಂದ ಲಾಕ್‌ಡೌನ್. ನಮ್ಮ ವಿಭಾಗದಲ್ಲಿ ಏರೋಟರ್ ನಿಂತಿತು. ತುರ್ತು ಕೇಸ್ ಬಿಟ್ಟರೆ ಬೇರೇನೂ ಮುಟ್ಟಬೇಡಿ ಅನ್ನುವ ಸೂಚನೆ ಬಂತು. ಕಾರಣ ಸರಳ. ವೈರಸ್ ಎಂಜಲಿನಲ್ಲಿದೆ, ನಮ್ಮ ಯಂತ್ರ ಆ ಎಂಜಲನ್ನೇ ಗಾಳಿಗೆ ಹಾರಿಸುತ್ತದೆ, ನಮ್ಮ ಮುಖ ಮಗುವಿನ ಬಾಯಿಂದ ಒಂದು ಗೇಣು ದೂರದಲ್ಲಿರುತ್ತದೆ.

ಆ ಎರಡು ವರ್ಷಗಳ ಬಗ್ಗೆ ಯಾರಾದರೂ ಕೇಳಿದರೆ ಕಳೆದುಕೊಂಡದ್ದನ್ನು ಹೇಳೋದು ಸುಲಭ. ಅದನ್ನೂ ಹೇಳುತ್ತೇನೆ. ಆದರೆ ಈ ಬರಹ ಬರೆಯೋಕೆ ಕಾರಣ ಬೇರೆ. ಏರೋಟರ್ ಕೈಯಿಂದ ಹೋದಾಗ ನಾವು ಹುಡುಕಿಕೊಂಡು ಹೋದ ದಾರಿಗಳು ಮಕ್ಕಳಿಗೆ ಮೊದಲಿನಿಂದಲೂ ಒಳ್ಳೆಯ ದಾರಿಗಳೇ ಆಗಿದ್ದವು. ವೈರಸ್ಸಿನ ಭಯದಿಂದ ಅಲ್ಲಿಗೆ ಹೋದೆವು. ಭಯ ಹೋದ ಮೇಲೂ ಅಲ್ಲೇ ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಮೊದಲು ಬಂದದ್ದು ಫೋನ್. ಓಪಿಡಿ ಮುಚ್ಚಿತ್ತು, ಬಸ್ ಇರಲಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದೇ ಮೇ 19ಕ್ಕೆ. ಅಲ್ಲಿಯ ತನಕ ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯ ಅಪ್ಪ ಅಮ್ಮಂದಿರು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದರು. ಅರ್ಧ ಫೋಟೋಗಳಲ್ಲಿ ಹಲ್ಲೇ ಕಾಣುತ್ತಿರಲಿಲ್ಲ. ಹೇಗೆ ತೆಗೆಯಬೇಕು ಅಂತ ಹೇಳಿಕೊಡೋದೇ ಒಂದು ಪಾಠವಾಯಿತು. ಮಗುವನ್ನು ತೊಡೆ ಮೇಲೆ ಮಲಗಿಸಿಕೊಳ್ಳಿ, ಚಮಚದ ಹಿಡಿಯಿಂದ ಕೆನ್ನೆ ಸ್ವಲ್ಪ ಸರಿಸಿ, ಇನ್ನೊಬ್ಬರು ಟಾರ್ಚ್ ಹಿಡಿಯಲಿ. ಆಮೇಲೆ ಪ್ರಶ್ನೆಗಳು. ಸಿಹಿ ತಿಂದಾಗ ಮಾತ್ರ ನೋವಾ, ಸುಮ್ನೆ ಇದ್ದಾಗಲೂ ನೋವಾ? ರಾತ್ರಿ ನಿದ್ದೆಯಿಂದ ಏಳುತ್ತಾ? ಒಸಡಿನ ಮೇಲೆ ಗುಳ್ಳೆ ಇದೆಯಾ? ಜ್ವರ?

ಈ ಪ್ರಶ್ನೆಗಳ ಉತ್ತರದಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಸಿಹಿಗೆ ಚುಳ್ ಅಂದು ನಿಂತರೆ ನರ ಇನ್ನೂ ಬದುಕಿದೆ, ಕಾಯಬಹುದು. ರಾತ್ರಿ ಎದ್ದು ಅತ್ತರೆ ಹುಳುಕು ನರದ ತನಕ ಹೋಗಿದೆ. ಊತ ಕಣ್ಣಿನ ಕಡೆಗೆ ಅಥವಾ ದವಡೆ ಕೆಳಗೆ ಇಳಿಯುತ್ತಿದ್ದರೆ, ಮಗು ಎಂಜಲು ನುಂಗೋಕೂ ಕಷ್ಟಪಡುತ್ತಿದ್ದರೆ, ಒಂದು ನಿಮಿಷವೂ ಕಾಯಬಾರದು, ಲಾಕ್‌ಡೌನ್ ಇರಲಿ ಏನೇ ಇರಲಿ. ನೋವಿಗೆ ಪ್ಯಾರಾಸಿಟಮಾಲ್ ಮಗುವಿನ ತೂಕ ನೋಡಿ ಹೇಳುತ್ತಿದ್ದೆವು. ತುಂಬಾ ಮನೆಗಳಲ್ಲಿ ಮಗುವಿನ ತೂಕ ಎಷ್ಟು ಅಂತ ಗೊತ್ತಿರಲಿಲ್ಲ. ಆಂಟಿಬಯಾಟಿಕ್ ಮಾತ್ರೆ ಕೊಡಿ ಅಂತ ಎಲ್ಲರೂ ಕೇಳುತ್ತಿದ್ದರು. ಊತ, ಜ್ವರ ಇಲ್ಲದ ಬರೀ ಹಲ್ಲು ನೋವಿಗೆ ಆಂಟಿಬಯಾಟಿಕ್‌ನಿಂದ ಪ್ರಯೋಜನ ಇಲ್ಲ ಅಂತ ಫೋನಿನಲ್ಲಿ ಒಪ್ಪಿಸೋದು ಕಷ್ಟದ ಕೆಲಸ.

ಆ ದಿನಗಳ ಒಂದು ಫೋನು ನನಗೆ ಚೆನ್ನಾಗಿ ನೆನಪಿದೆ. ಹರಿಹರದ ಒಂದು ಮನೆಯಿಂದ ಬಂದದ್ದು. ಖಾಲಿ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಿದ್ದ ಎಂಟು ವರ್ಷದ ಹುಡುಗ ಬಿದ್ದು ಮೇಲಿನ ಮುಂದಿನ ಹಲ್ಲು ಬೇರು ಸಮೇತ ಈಚೆ ಬಂದಿತ್ತು. ಶಾಶ್ವತ ಹಲ್ಲು. ಅವರಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದರು. "ಅಮ್ಮಾ, ಮನೇಲಿ ಹಾಲಿದೆಯಾ?" ಅಂದೆ. "ಅವನೀಗ ಹಾಲು ಕುಡಿಯೋ ಸ್ಥಿತೀಲಿ ಇಲ್ಲ ಡಾಕ್ಟ್ರೇ" ಅಂದರು. ಹಲ್ಲಿಗೆ ಅಂತ ಹೇಳಿದ ಮೇಲೆ ಒಂದು ಕ್ಷಣ ಸುಮ್ಮನಾದರು. ಬೇರು ಮುಟ್ಟಬೇಡಿ, ಬಿಳಿ ಭಾಗ ಹಿಡಿಯಿರಿ, ಉಜ್ಜಬೇಡಿ, ತಣ್ಣನೆ ಹಾಲಿನಲ್ಲಿ ಮುಳುಗಿಸಿ ಈಗಲೇ ಹೊರಡಿ. ನಂದಿನಿ ಹಾಲಿನ ಪ್ಯಾಕೆಟ್ ಬಿಚ್ಚಿ ಸ್ಟೀಲ್ ಲೋಟಕ್ಕೆ ಸುರಿದು, ಅದರಲ್ಲಿ ಹಲ್ಲು ಹಾಕಿ ಹೊರಟರು. ಚೆಕ್‌ಪೋಸ್ಟಿನಲ್ಲಿ ಪೊಲೀಸರು ತಡೆದಾಗ ಆ ಲೋಟವನ್ನೇ ತೋರಿಸಿದರಂತೆ. ಗಂಟೆಯೊಳಗೆ ಬಂದರು. ಹಲ್ಲನ್ನು ಅದರ ಗೂಡಿಗೆ ಕೂರಿಸಿ, ಅಕ್ಕಪಕ್ಕದ ಹಲ್ಲಿಗೆ ತೆಳು ತಂತಿ ಅಂಟಿಸಿ ಎರಡು ವಾರ ಬಿಟ್ಟೆವು. ಬೇರಿನ ಮೇಲಿನ ಜೀವಕೋಶಗಳು ಒಣಗಿದರೆ ಹಲ್ಲು ಎಲುಬಿಗೆ ಅಂಟಿಕೊಂಡು ನಿಧಾನಕ್ಕೆ ಕರಗಿ ಹೋಗುತ್ತದೆ. ಹಾಲು ಆ ಕೋಶಗಳನ್ನು ಸ್ವಲ್ಪ ಹೊತ್ತು ಬದುಕಿಸುತ್ತದೆ. ಇದು ಪ್ರತಿ ಮನೆಗೂ ಗೊತ್ತಿರಬೇಕಾದ ವಿಷಯ. ಹಾಲು ಹಲ್ಲು ಈಚೆ ಬಂದರೆ ಮಾತ್ರ ಮತ್ತೆ ಕೂರಿಸುವುದಿಲ್ಲ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ.

ಇನ್ನು ಹಾಲು ಹಲ್ಲಿನ ಮಾತು. "ಹೇಗಿದ್ರೂ ಬಿದ್ದು ಹೋಗೋ ಹಲ್ಲಲ್ವೇನ್ರೀ?" ಇದನ್ನು ಕೇಳದ ದಿನ ನಮ್ಮ ವಿಭಾಗದಲ್ಲಿ ಇಲ್ಲ. ಬೀಳೋ ಹಲ್ಲು ಹೌದು. ಆದರೆ ಹಿಂದಿನ ದವಡೆ ಹಾಲು ಹಲ್ಲು ಬೀಳೋದು ಹತ್ತು, ಹನ್ನೊಂದು, ಹನ್ನೆರಡನೇ ವಯಸ್ಸಿಗೆ. ನಾಲ್ಕು ವರ್ಷದ ಮಗುವಿಗೆ ಅದು ಇನ್ನೂ ಏಳೆಂಟು ವರ್ಷ ಬೇಕು. ಬೇಗ ಕಿತ್ತರೆ ಆರನೇ ವಯಸ್ಸಿಗೆ ಅದರ ಹಿಂದೆ ಬರುವ ಶಾಶ್ವತ ದವಡೆ ಹಲ್ಲು ಮುಂದಕ್ಕೆ ವಾಲುತ್ತದೆ, ಕೆಳಗಿಂದ ಬರಬೇಕಾದ ಹಲ್ಲಿಗೆ ಜಾಗ ಇರುವುದಿಲ್ಲ. ಲಾಕ್‌ಡೌನಿನಲ್ಲಿ ಶಾಲೆ ಇಲ್ಲ, ಬೆಳಗ್ಗೆ ಹಲ್ಲುಜ್ಜುವ ಗಡಿಬಿಡಿ ಇಲ್ಲ, ಮೊಬೈಲ್ ಹಿಡಿದು ಕೂತ ಮಗುವಿನ ಕೈಗೆ ಗಂಟೆಗೊಂದು ಬಿಸ್ಕತ್ತು. ಎಷ್ಟು ಸಿಹಿ ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದೇ ಹಲ್ಲಿಗೆ ಮುಖ್ಯ. ಪ್ರತಿ ಸಲ ತಿಂದಾಗಲೂ ಬಾಯಲ್ಲಿ ಆಮ್ಲ ಏರುತ್ತದೆ. ಆಮ್ಲ ಏರಿದಷ್ಟೂ ಅದರ ಅಳತೆಯಾದ ಪಿಎಚ್ ಇಳಿಯುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರ, ಎನಾಮಲ್, ಕರಗಲು ಶುರುವಾಗುತ್ತದೆ. ಎಂಜಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ಗಂಟೆಗೊಂದು ಬಿಸ್ಕತ್ತಿನ ಮನೆಯಲ್ಲಿ ಆ ಬಿಡುವು ಸಿಗುವುದಿಲ್ಲ.

ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಬಂತು. ವಿಭಾಗ ನಿಧಾನಕ್ಕೆ ತೆರೆಯಿತು. ಎಸಿ ಬಂದ್, ಕಿಟಕಿ ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕು. ಪಿಪಿಇ ಸೂಟು, ಎನ್95, ಅದರ ಮೇಲೆ ಇನ್ನೊಂದು ಮಾಸ್ಕ್, ಫೇಸ್ ಶೀಲ್ಡ್. ದಾವಣಗೆರೆಯ ಬೇಸಿಗೆಯಲ್ಲಿ ಆ ಸೂಟಿನೊಳಗೆ ಬೆವರು ಕಾಲುಚೀಲದ ತನಕ ಇಳಿಯುತ್ತಿತ್ತು. ಚಿಕಿತ್ಸೆಗೆ ಮೊದಲು ದೊಡ್ಡವರಿಗೆ ಪೊವಿಡೋನ್ ಅಯೋಡಿನ್ ಅನ್ನುವ ಕ್ರಿಮಿನಾಶಕದಿಂದ ಬಾಯಿ ಮುಕ್ಕಳಿಸಲು ಹೇಳಬಹುದು. ಮೂರು ವರ್ಷದ ಮಗುವಿಗೆ ಮುಕ್ಕಳಿಸಿ ಉಗಿಯೋಕೆ ಬರುವುದಿಲ್ಲ, ನುಂಗಿಬಿಡುತ್ತದೆ. ಬಾಯೊಳಗೆ ಎಕ್ಸ್‌ರೇ ಫಿಲಂ ಇಟ್ಟರೆ ವಾಕರಿಕೆ, ಕೆಮ್ಮು ಬರುತ್ತದೆ, ಹೊರಗಿನಿಂದ ತೆಗೆಯಿರಿ ಅಂದರು. ಹೊರಗಿನ ಎಕ್ಸ್‌ರೇಗೆ ಮಗು ಅಲುಗಾಡದೆ ನಿಲ್ಲಬೇಕು. ನಿಲ್ಲುತ್ತಾ? ದೊಡ್ಡವರನ್ನು ಮನಸ್ಸಿನಲ್ಲಿಟ್ಟು ಬರೆದ ಒಂದೊಂದು ನಿಯಮವನ್ನೂ ನಾವು ಮಗುವಿಗೆ ಹೊಂದಿಸಿಕೊಳ್ಳಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ಕಷ್ಟ ಮುಖ ಮುಚ್ಚಿದ್ದು. ಮಕ್ಕಳ ದಂತವೈದ್ಯದಲ್ಲಿ ನಾವು ಮೊದಲು ಕಲಿಯುವ ಪಾಠ ಟೆಲ್-ಶೋ-ಡೂ. 1959ರಲ್ಲಿ ಆಡಲ್‌ಸ್ಟನ್ ಅನ್ನುವವರು ಇದಕ್ಕೊಂದು ರೂಪ ಕೊಟ್ಟರು. ಏನು ಮಾಡುತ್ತೇವೆ ಅಂತ ಮಗುವಿಗೆ ಅದರ ಮಾತಿನಲ್ಲೇ ಹೇಳಬೇಕು, ಕೈ ಬೆರಳಿನ ಮೇಲೋ ಗೊಂಬೆಯ ಮೇಲೋ ಮಾಡಿ ತೋರಿಸಬೇಕು, ಆಮೇಲೆ ಬಾಯಲ್ಲಿ ಮಾಡಬೇಕು. ಬಾಯಿಂದ ನೀರೆಳೆಯುವ ಸಕ್ಷನ್ ನಮ್ಮಲ್ಲಿ ನೀರು ಕುಡಿಯೋ ಪೈಪು, ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ, ರಬ್ಬರ್ ಡ್ಯಾಮ್, ಹಲ್ಲಿನ ರೇನ್‌ಕೋಟು. ಇದೆಲ್ಲ ನಡೆಯೋದು ನಗುವಿನ ಮೇಲೆ. ಮಗು ನಮ್ಮ ಮುಖ ನೋಡಿ ನಂಬುತ್ತದೆ. ಈಗ ಎದುರಿಗೆ ನಿಂತದ್ದು ಬಿಳಿ ಸೂಟಿನೊಳಗಿನ ಆಕಾರ. ದನಿಯೂ ಮಾಸ್ಕಿನೊಳಗೇ ಅಡಗಿ ಹೋಗುತ್ತಿತ್ತು.

ಅಲ್ಲಿ ಇನ್ನೊಂದು ವಿಷಯವೂ ಇತ್ತು. ಮಗು ಜೋರಾಗಿ ಅತ್ತರೆ, ಕೆಮ್ಮಿದರೆ ಅದರ ಬಾಯಿಂದಲೂ ಹನಿಗಳು ಹಾರುತ್ತವೆ. ಯಂತ್ರ ನಿಲ್ಲಿಸಿದರೂ ಅಳು ನಿಲ್ಲದಿದ್ದರೆ ಅಪಾಯ ಹಾಗೇ ಉಳಿಯುತ್ತದೆ. ಅಂದರೆ ಮಗುವನ್ನು ಅಳಿಸದೆ ಇರೋದು ಸೋಂಕು ತಡೆಯುವ ಕೆಲಸವೇ ಆಯಿತು. ಅಳುವ ಮಗುವಿನ ಕೈಕಾಲು ಹಿಡಿದು ಬೇಗ ಮುಗಿಸೋಣ ಅನ್ನುವ ಪದ್ಧತಿ ನಮ್ಮ ದೇಶದ ಎಷ್ಟೋ ಕ್ಲಿನಿಕ್‌ಗಳಲ್ಲಿ ಇದೆ. ಮಕ್ಕಳ ಮನಸ್ಸಿನ ಬಗ್ಗೆ ಪಾಠ ಎಷ್ಟು ಓದಿದರೂ ಅದು ಹೋಗಿರಲಿಲ್ಲ. ವೈರಸ್ ಅದನ್ನು ಕೆಲವು ತಿಂಗಳ ಮಟ್ಟಿಗಾದರೂ ನಿಲ್ಲಿಸಿತು. ಹಿಂದಿನ ದಿನವೇ ವಿಡಿಯೋ ಕಾಲ್ ಮಾಡಿ ಮಾಸ್ಕ್ ಇಲ್ಲದ ಮುಖ ತೋರಿಸುತ್ತಿದ್ದೆವು. ಸೂಟ್ ಹಾಕಿಕೊಳ್ಳೋದನ್ನು ಮಗುವಿನ ಎದುರೇ, ಗಾಜಿನಾಚೆಯಿಂದ, ಒಂದೊಂದಾಗಿ ಮಾಡಿ ತೋರಿಸುತ್ತಿದ್ದೆವು. ಎದೆಯ ಮೇಲೆ ನಗುವ ಫೋಟೋ ಅಂಟಿಸಿಕೊಂಡೆವು. ಕಣ್ಣಿನಿಂದ, ಹುಬ್ಬಿನಿಂದ, ತಲೆ ಆಡಿಸಿ ಮಾತಾಡೋದು ಕಲಿತೆವು. ಒಂದು ದಿನಕ್ಕೆ ಕೆಲವೇ ಮಕ್ಕಳು ಬರುತ್ತಿದ್ದುದರಿಂದ ಒಂದೊಂದು ಮಗುವಿಗೂ ಹೊತ್ತು ಸಿಗುತ್ತಿತ್ತು. ಮೊದಲ ಸಲ ಬರೀ ಚೇರಿನಲ್ಲಿ ಕೂತು ಎದ್ದು ಹೋದ ಮಕ್ಕಳೂ ಇದ್ದರು. ಆ ಭೇಟಿ ದಂಡ ಅಂತ ನಾನು ಒಪ್ಪುವುದಿಲ್ಲ.

ಏರೋಟರ್ ಇಲ್ಲದೆ ಹುಳುಕು ಹಲ್ಲಿಗೆ ಏನು ಮಾಡೋದು? ಇಲ್ಲಿ ನಮಗೆ ಸ್ಕಾಟ್‌ಲೆಂಡಿನ ಒಬ್ಬ ಡಾಕ್ಟರಮ್ಮ ಸಿಕ್ಕರು. ನೋರ್ನಾ ಹಾಲ್. ದೊಡ್ಡ ಸಂಶೋಧಕರಲ್ಲ, ಸಾಮಾನ್ಯ ದಂತವೈದ್ಯೆ. ಹುಳುಕು ಹಿಡಿದ ದವಡೆ ಹಾಲು ಹಲ್ಲಿಗೆ ಅವರು ಇಂಜೆಕ್ಷನ್ ಕೊಡದೆ, ಕೊರೆಯದೆ, ಹುಳುಕನ್ನೂ ತೆಗೆಯದೆ, ಸಿದ್ಧ ಸ್ಟೀಲ್ ಕ್ಯಾಪಿನೊಳಗೆ ಸಿಮೆಂಟ್ ತುಂಬಿ ಹಲ್ಲಿನ ಮೇಲೆ ಒತ್ತಿ ಕೂರಿಸುತ್ತಿದ್ದರು. ಅವರ ವರ್ಷಗಟ್ಟಲೆಯ ದಾಖಲೆಗಳನ್ನು ನೋಡಿದ ವಿಶ್ವವಿದ್ಯಾಲಯದವರು 2006ರಲ್ಲಿ ಅದನ್ನು ಪ್ರಕಟಿಸಿದರು. ಫಲಿತಾಂಶ ಚೆನ್ನಾಗಿತ್ತು. ಆಮೇಲೆ ಸರಿಯಾದ ಪ್ರಯೋಗಗಳೂ ನಡೆದವು, ಅವೂ ಅದನ್ನೇ ಹೇಳಿದವು. ಒಳಗಿನ ತರ್ಕ ಇಷ್ಟೇ. ಹುಳುಕಿನ ಬ್ಯಾಕ್ಟೀರಿಯಾಗಳಿಗೆ ಬಾಯಿಂದ ಸಕ್ಕರೆ ಸಿಗದ ಹಾಗೆ ಮುಚ್ಚಿಬಿಟ್ಟರೆ ಅವು ಕೆಲಸ ನಿಲ್ಲಿಸುತ್ತವೆ. ಹಲ್ಲಿಗೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಲು ಸಮಯ ಸಿಗುತ್ತದೆ.

ಎಲ್ಲ ಹಲ್ಲಿಗೂ ಇದು ಆಗುವುದಿಲ್ಲ. ರಾತ್ರಿ ನೋವಿದ್ದರೆ, ಒಸಡಿನಲ್ಲಿ ಕೀವಿದ್ದರೆ ಇದನ್ನು ಮಾಡಬಾರದು. ಹುಳುಕಿಗೂ ನರಕ್ಕೂ ನಡುವೆ ಗಟ್ಟಿ ಪದರ ಉಳಿದಿರಬೇಕು. ಹಲ್ಲುಗಳ ನಡುವೆ ಸಂದಿ ಇಲ್ಲದಿದ್ದರೆ ಕೆಲವು ದಿನ ಮೊದಲೇ ಪುಟ್ಟ ರಬ್ಬರ್ ಬಳೆ ಹಾಕಿ ಜಾಗ ಮಾಡಿಕೊಳ್ಳಬೇಕು. ಕ್ಯಾಪ್ ಕೂತ ಮೇಲೆ ಕಚ್ಚುವಾಗ ಎತ್ತರ ಅನಿಸುತ್ತದೆ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಇದನ್ನು ನಾವು ಪುಸ್ತಕದಲ್ಲಿ ಮೊದಲೇ ಓದಿದ್ದೆವು. ಪರೀಕ್ಷೆಗೆ ಬರುವ ಪ್ರಶ್ನೆ ಅಂತ ಓದಿದ್ದೆವು. ಮೊದಲ ಸಲ ನಾಲ್ಕು ವರ್ಷದ ಹುಡುಗಿಯೊಬ್ಬಳು ಕ್ಯಾಪನ್ನು ತಾನೇ ಕಚ್ಚಿ ಕೂರಿಸಿಕೊಂಡು, ಕನ್ನಡಿಯಲ್ಲಿ ನೋಡಿ "ಬೆಳ್ಳಿ ಹಲ್ಲು" ಅಂದಾಗ ಆ ಪ್ರಶ್ನೆಯ ನಿಜವಾದ ಉತ್ತರ ಕಂಡಿತು. ಸೂಜಿ ಚುಚ್ಚಿ ಅಳಿಸಿ ಮಾಡುತ್ತಿದ್ದ ಕೆಲಸ ಅಳುವಿಲ್ಲದೆ ಮುಗಿದಿತ್ತು.

ಇನ್ನೊಂದು ಸಿಲ್ವರ್ ಡೈಅಮೈನ್ ಫ್ಲೋರೈಡ್. ಜಪಾನಿನಲ್ಲಿ ಹುಟ್ಟಿದ ಔಷಧ. ಬಾಟಲಿಯಿಂದ ಒಂದು ಹನಿ ತೆಗೆದು, ಒಣಗಿಸಿದ ಹುಳುಕಿನ ಮೇಲೆ ಸಣ್ಣ ಬ್ರಷ್‌ನಿಂದ ಹಚ್ಚಿ ಒಂದು ನಿಮಿಷ ಬಿಡಬೇಕು. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚುತ್ತೇವೆ. ಶೇಕಡಾ 38ರ ದ್ರಾವಣ, ತುಂಬಾ ಪ್ರಬಲ. ಹಾಗಾಗಿ ಹನಿ ಲೆಕ್ಕದಲ್ಲೇ ಬಳಸಬೇಕು. ತುಟಿಗೆ ಮೊದಲೇ ವ್ಯಾಸಲೀನ್ ಹಚ್ಚಿರಬೇಕು, ಚರ್ಮಕ್ಕೆ ತಾಗಿದರೆ ಕಲೆಯಾಗುತ್ತದೆ. ಹುಳುಕು ನಿಲ್ಲುತ್ತದೆ, ಆದರೆ ಆ ಜಾಗ ಇದ್ದಿಲಿನಷ್ಟು ಕಪ್ಪಾಗುತ್ತದೆ.

ಈ ಕಪ್ಪು ಬಣ್ಣದ ಮಾತನ್ನು ಚಿಕಿತ್ಸೆಗೆ ಮೊದಲೇ, ಫೋಟೋ ತೋರಿಸಿ, ಬಿಡಿಸಿ ಹೇಳಬೇಕು. ಹಿಂದಿನ ಹಲ್ಲಾದರೆ ಹೆಚ್ಚಿನವರು ಒಪ್ಪುತ್ತಾರೆ. ಮುಂದಿನ ಹಲ್ಲು ಅಂದರೆ ಮನೆಯಲ್ಲಿ ಚರ್ಚೆಯಾಗುತ್ತದೆ. "ಹೆಣ್ಣು ಮಗು, ನಾಳೆ ಜನ ಏನಂತಾರೆ" ಅಂತ ಒಬ್ಬರು ಅಜ್ಜಿ ಎದ್ದೇಬಿಟ್ಟರು. ಆ ಅಜ್ಜಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಗು ನಗಬೇಕಾದ ಮುಖ ಅದು. ಆದರೆ ಕೀವು ತುಂಬಿ, ಕಿತ್ತು, ಬಾಯಿ ಖಾಲಿಯಾಗೋದಕ್ಕಿಂತ ಕಪ್ಪಾಗಿ ಗಟ್ಟಿಯಾಗಿ ನಿಂತ ಹಲ್ಲು ಮೇಲು. ಅದರ ಮೇಲೆ ಆಮೇಲೆ ಬಿಳಿ ತುಂಬಬಹುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧವನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ಲೋರೈಡ್ ಟೂತ್‌ಪೇಸ್ಟೂ ಹಲ್ಲಿಗೆ ತುಂಬುವ ಗ್ಲಾಸ್ ಅಯೋನೊಮರ್ ಸಿಮೆಂಟೂ ಅದರ ಜೊತೆಗೇ ಸೇರಿದವು. ನನಗೆ ಆ ಸುದ್ದಿ ಓದಿ ತುಂಬಾ ಖುಷಿಯಾಗಿತ್ತು.

ಮೂರನೆಯದು ಕೈಯಿಂದಲೇ ಮಾಡುವ ಕೆಲಸ, ಎಆರ್‌ಟಿ. ಚಮಚದ ಆಕಾರದ ಪುಟ್ಟ ಉಪಕರಣದಿಂದ ಮೆತ್ತಗಿನ ಹುಳುಕನ್ನು ಕೆರೆದು ತೆಗೆದು ಸಿಮೆಂಟ್ ತುಂಬೋದು. ಎಂಬತ್ತರ ದಶಕದಲ್ಲಿ ತಾಂಜಾನಿಯಾದಲ್ಲಿ, ಕರೆಂಟು ಇಲ್ಲದ ಊರುಗಳಿಗಾಗಿ ಶುರುವಾದ ವಿಧಾನ. ಕಾಲೇಜಿನ ಎಸಿ ಕೋಣೆಯಲ್ಲಿ ಕೂತು ನಾವು ಅದನ್ನು ಬಡ ದೇಶಗಳ ಚಿಕಿತ್ಸೆ ಅನ್ನುವ ಹಾಗೆ ಓದುತ್ತಿದ್ದೆವು. ಪುಸ್ತಕದ ದನಿಯೇ ಹಾಗಿತ್ತು. ಮಗುವಿನ ಕಡೆಯಿಂದ ನೋಡಿದರೆ ಸದ್ದಿಲ್ಲ, ನೀರಿಲ್ಲ, ಹೆಚ್ಚಿನ ಸಲ ಸೂಜಿಯೂ ಇಲ್ಲ. ಇದಕ್ಕಿಂತ ಇನ್ನೇನು ಬೇಕು?

ಕಳೆದುಕೊಂಡದ್ದನ್ನೂ ಹೇಳುತ್ತೇನೆ ಅಂದಿದ್ದೆ. ಆನ್‌ಲೈನ್ ಸೆಮಿನಾರ್, ಜರ್ನಲ್ ಕ್ಲಬ್ ಚೆನ್ನಾಗಿಯೇ ನಡೆದವು, ಓದು ಜಾಸ್ತಿಯೇ ಆಯಿತು. ಆದರೆ ಕೈಗೆ ಬರಬೇಕಾದದ್ದು ಪರದೆಯಿಂದ ಬರುವುದಿಲ್ಲ. ಹಾಲು ಹಲ್ಲಿನ ಬೇರು ತೆಳು, ಬಾಗಿರುತ್ತದೆ. ಅದರೊಳಗೆ ಫೈಲ್ ಅನ್ನುವ ಸೂಜಿಯಂಥ ಉಪಕರಣ ಇಳಿಸಿದಾಗ ಎಲ್ಲಿ ನಿಲ್ಲಬೇಕು ಅನ್ನೋದನ್ನು ಬೆರಳಿಗೇ ಕಲಿಸಬೇಕು. ಕಿತ್ತ ಹಲ್ಲುಗಳನ್ನು ಪ್ಲಾಸ್ಟರ್ ಅಚ್ಚಿನಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಿದೆವು. ಆ ಅಚ್ಚಿಗೆ ನಾಲಿಗೆ ಇಲ್ಲ, ಎಂಜಲಿಲ್ಲ, ಅದು ಅಮ್ಮನನ್ನು ಕರೆಯುವುದಿಲ್ಲ. ಮಕ್ಕಳ ಮೇಲೆ ಮಾಡಬೇಕಿದ್ದ ಎಷ್ಟೋ ಡಿಸರ್ಟೇಶನ್‌ಗಳು (ಕೋರ್ಸಿನ ಸಂಶೋಧನಾ ಪ್ರಬಂಧಗಳು) ಲ್ಯಾಬಿಗೆ, ಇಲ್ಲವೇ ಪ್ರಶ್ನಾವಳಿಗೆ ತಿರುಗಿದವು. ಜನರಲ್ ಅನಸ್ತೇಸಿಯಾ ಕೊಟ್ಟು ಒಮ್ಮೆಗೇ ಎಲ್ಲ ಹಲ್ಲಿನ ಚಿಕಿತ್ಸೆ ಮುಗಿಸಬೇಕಿದ್ದ ಮಕ್ಕಳು, ಅದರಲ್ಲೂ ವಿಶೇಷ ಚೇತನ ಮಕ್ಕಳು, ಸರದಿಯಲ್ಲೇ ಉಳಿದರು. ಅವರಿಗೆ ನಮ್ಮ ಹೊಸ ದಾರಿಗಳು ಪೂರ್ತಿ ಸಾಲಲಿಲ್ಲ.

ನಡುವೆ ನಮ್ಮಂಥ ಪಿಜಿಗಳು ಗಂಟಲು ದ್ರವ ತೆಗೆಯುವ ಕೆಲಸಕ್ಕೂ ಹೋದೆವು. ಪುಟ್ಟ ಮಗುವನ್ನು ಅಮ್ಮನ ತೊಡೆ ಮೇಲೆ ಕೂರಿಸಿ, ತಲೆಗೆ ಆಸರೆ ಕೊಟ್ಟು, ಹೇಳಿ ತೋರಿಸಿ ಮಾಡುವ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು. 2021ರ ಜನವರಿಯಲ್ಲಿ ಲಸಿಕೆ ಸಿಕ್ಕಿತು. ಏಪ್ರಿಲ್‌ಗೆ ಎರಡನೇ ಅಲೆ. ಆ ತಿಂಗಳುಗಳಲ್ಲಿ ಓರಲ್ ಸರ್ಜರಿಯವರು ಕಪ್ಪು ಶಿಲೀಂಧ್ರದ ರೋಗಿಗಳ ಮೇಲ್ದವಡೆ ತೆಗೆಯುತ್ತಿದ್ದರು. ಅದರ ಬಗ್ಗೆ ಬರೆಯೋದು ನನ್ನಿಂದ ಈಗಲೂ ಆಗುವುದಿಲ್ಲ.

ಶಾಲೆಗಳ ಮಾತು ಮಾತ್ರ ಬಿಡೋಕಾಗದು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂಗನವಾಡಿಗಳು ಅದಕ್ಕೂ ಆಮೇಲೆ. ನಮ್ಮ ವಿಭಾಗದಿಂದ ಪ್ರತಿ ವರ್ಷ ಹಳ್ಳಿ ಶಾಲೆಗಳಿಗೆ ಕ್ಯಾಂಪ್ ಹೋಗುತ್ತಿದ್ದೆವು. ನೋವು ಶುರುವಾಗುವ ಮೊದಲೇ ಹುಳುಕು ಕಣ್ಣಿಗೆ ಬೀಳುತ್ತಿದ್ದದ್ದು ಅಲ್ಲೇ. ಅದು ನಿಂತುಹೋಯಿತು. ಶಾಲೆ ತೆರೆದ ಮೇಲೆ ಮೊದಲ ಕ್ಯಾಂಪಿನಲ್ಲಿ ಕಂಡ ಬಾಯಿಗಳನ್ನು ನೋಡಿ ನಮ್ಮ ಪ್ರೊಫೆಸರ್ ಮಾತೇ ಆಡಲಿಲ್ಲ. ಆರು ವರ್ಷಕ್ಕೆ ಬಂದ ಶಾಶ್ವತ ದವಡೆ ಹಲ್ಲು ಎಂಟಕ್ಕೇ ಹುಳುಕಾಗಿತ್ತು. ಅದು ಹಾಲು ಹಲ್ಲು ಅಂತಲೇ ಮನೆಯವರು ತಿಳಿದಿದ್ದರು, ಯಾಕೆಂದರೆ ಅದು ಯಾವ ಹಲ್ಲೂ ಬೀಳದೆ, ಹಿಂದೆ, ಸದ್ದಿಲ್ಲದೆ ಹುಟ್ಟುತ್ತದೆ.

ಈಗ ನಾನು ಕ್ಲಿನಿಕ್ ನಡೆಸುತ್ತೇನೆ. ಏರೋಟರ್ ಇದೆ, ಬೇಕಾದಾಗ ಬಳಸುತ್ತೇನೆ. ನರದ ಚಿಕಿತ್ಸೆಗೆ ಅದು ಬೇಕೇ ಬೇಕು. ಆದರೆ ಸುತ್ತ ನೋಡಿದರೆ ಎಲ್ಲರೂ ಹಳೆಯ ದಾರಿಗೆ ಬೇಗ ಬೇಗ ಮರಳಿದ ಹಾಗೆ ಕಾಣುತ್ತದೆ. ಸಿಲ್ವರ್ ಬಾಟಲಿ ಕಪಾಟು ಸೇರಿದೆ. ಕೊರೊನಾ ಕಾಲದ ತಾತ್ಕಾಲಿಕ ವ್ಯವಸ್ಥೆ ಅಂತ ಕೆಲವರು ಅದನ್ನು ಕರೆಯುತ್ತಾರೆ. ಇದು ನನಗೆ ಬೇಸರ ತರುವ ಮಾತು. ಆ ಬಾಟಲಿಗೆ ಕರೆಂಟು ಬೇಡ, ಡೆಂಟಲ್ ಚೇರ್ ಬೇಡ, ನೀರಿನ ಲೈನ್ ಬೇಡ. ಅಂಗನವಾಡಿಯ ಚಾಪೆಯ ಮೇಲೆ ಮಗುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಹಚ್ಚಬಹುದು. ತರಬೇತಿ ಪಡೆದ ಡಾಕ್ಟರೊಬ್ಬರು ವರ್ಷಕ್ಕೆ ಎರಡು ಸಲ ಬಂದರೆ ಸಾಕು. ಅಂಗನವಾಡಿ ಟೀಚರ್ ಹತ್ತಿರ ಮಕ್ಕಳ ತೂಕದ ಪಟ್ಟಿ ಈಗಾಗಲೇ ಇದೆ, ಅದರಲ್ಲಿ ಹಲ್ಲಿಗೂ ಒಂದು ಕಲಂ ಸೇರಿಸಬೇಕು.

ನಮ್ಮ ಕ್ಲಿನಿಕ್ ಹತ್ತಿರದ ಅಂಗನವಾಡಿಯಲ್ಲಿ ಇದನ್ನು ಮಾಡೋಕೆ ಅನುಮತಿ ಕೇಳಿ ಅರ್ಜಿ ಕೊಟ್ಟಿದ್ದೇನೆ. ಅಷ್ಟರಲ್ಲಿ ಅಲ್ಲಿನ ಅಮ್ಮಂದಿರಿಗೆ ಎರಡು ವಿಷಯ ಹೇಳಿ ಬಂದೆ. ಮೊದಲ ಹಲ್ಲು ಬಂದ ದಿನದಿಂದಲೇ ಫ್ಲೋರೈಡ್ ಪೇಸ್ಟ್, ಮೂರು ವರ್ಷದ ತನಕ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು, ಬ್ರಷ್ ದೊಡ್ಡವರ ಕೈಯಲ್ಲೇ ಇರಲಿ. ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ, ನೋವಿಲ್ಲದಿದ್ದರೂ.